ಒಳ್ಳೆಯವನಿಗೆ ತಾನು ಒಳ್ಳೆಯವನು ಅಂತ ಗೊತ್ತಿರಬೇಕಾ? ಅರಿಸ್ಟಾಟಲ್, ಗಝಾಲಿ, ಬೀದರಿನ ಗವಾನ್

ಓದುಹುಳ:
ಅರಿಸ್ಟಾಟಲ್‌ನ ನಿಕೊಮಾಕಿಯನ್ ಎಥಿಕ್ಸ್ ಓದ್ತಾ ಇದೀನಿ, ನಾಲ್ಕನೇ ಪುಸ್ತಕದಲ್ಲಿ ಸಿಕ್ಕಾಕೊಂಡಿದೀನಿ, ಯಾರಾದ್ರೂ ಬಿಡಿಸಿ. ಅಲ್ಲಿ ಮೆಗಲೊಸೈಕಿಯಾ ಅಂತ ಒಂದು ಗುಣ ಬರುತ್ತೆ, ದೊಡ್ಡ ಮನಸ್ಸು ಅಂತಿಟ್ಕೊಳ್ಳಿ. ಆ ಗುಣ ಇರೋನು ತಾನು ದೊಡ್ಡ ಮರ್ಯಾದೆಗೆ ಅರ್ಹ ಅಂತ ತಿಳ್ಕೊಂಡಿರ್ತಾನೆ, ನಿಜಕ್ಕೂ ಅರ್ಹನೇ ಆಗಿರ್ತಾನೆ. ಉಪಕಾರ ಮಾಡೋದು ಇಷ್ಟ, ಉಪಕಾರ ತಗೊಳ್ಳೋಕೆ ನಾಚಿಕೆ. ತಾನು ಮಾಡಿದ್ದು ನೆನಪಿರುತ್ತೆ, ತನಗೆ ಬೇರೆಯವರು ಮಾಡಿದ್ದು ನೆನಪಿರಲ್ಲ. ನಿಧಾನಕ್ಕೆ ನಡೀತಾನೆ, ದನಿ ಗಂಭೀರ, ಮಾತಲ್ಲಿ ಅವಸರ ಇಲ್ಲ. ಸದ್ಗುಣಗಳಿಗೆಲ್ಲ ಇದು ಕಿರೀಟ ಇದ್ದಂಗೆ ಅಂತಾನೆ ಅರಿಸ್ಟಾಟಲ್. ಓದ್ತಾ ಓದ್ತಾ ನನಗೆ ಕಂಡಿದ್ದು ಯಾವುದೋ ಹಳೇ ಕಾಲದ ಜಮೀನ್ದಾರ.

ಅದೇ ಟೈಮಲ್ಲಿ ಕುರಾನಿನ 31ನೇ ಅಧ್ಯಾಯ, ಲುಕ್ಮಾನ್ ಅನ್ನೋ ಜ್ಞಾನಿ ಮಗನಿಗೆ ಬುದ್ಧಿ ಹೇಳೋ ಭಾಗ ಓದಿದೆ. ಜನರ ಎದುರು ಮುಖ ತಿರುಗಿಸ್ಕೋಬೇಡ, ನೆಲದ ಮೇಲೆ ಬೀಗ್ತಾ ನಡೀಬೇಡ, ನಡಿಗೆ ಹದವಾಗಿರ್ಲಿ, ದನಿ ತಗ್ಗಿಸು, ದನಿಗಳಲ್ಲೆಲ್ಲ ಅಸಹ್ಯವಾದದ್ದು ಕತ್ತೆ ದನಿ ಅಂತ. ಅಂದ್ರೆ ಇಬ್ರೂ ಒಳ್ಳೆಯವನ ನಡಿಗೆ, ದನಿ ಎರಡನ್ನೂ ಹಿಡ್ಕೊಂಡೇ ಮಾತಾಡ್ತಿದಾರೆ, ಆದ್ರೆ ಕಣ್ಮುಂದೆ ಬರೋ ಮನುಷ್ಯ ಮಾತ್ರ ಪೂರ್ತಿ ಬೇರೆ. 'ಎಲ್ಲಾ ನೀತಿನೂ ಕೊನೆಗೆ ಒಂದೇ' ಅನ್ನೋ ಮಾತು ಸೋಮಾರಿತನ ಅನ್ಸೋಕೆ ಶುರುವಾಗಿದೆ. ನಿಮಗೆ?

ಸಂಶಯಾತ್ಮ:
ಇದ್ರಲ್ಲಿ ಬಿಡಿಸೋಕೆ ಏನಿದೆ. ಗ್ರೀಕರ ಪ್ರಶ್ನೆ 'ಎಂಥ ಮನುಷ್ಯ ಆಗ್ಬೇಕು', ಇಸ್ಲಾಂ ಪ್ರಶ್ನೆ 'ಏನು ಮಾಡ್ಬೇಕು, ಏನು ಮಾಡ್ಬಾರ್ದು'. ಒಂದು ಗುಣದ ನೀತಿ, ಇನ್ನೊಂದು ಕಾನೂನಿನ ನೀತಿ. ತತ್ವಜ್ಞಾನಿ ಎಲಿಝಬೆತ್ ಆನ್ಸ್‌ಕಂಬ್ 1958ರಲ್ಲೇ ಹೇಳಿದ್ರು, 'ಮಾಡಲೇಬೇಕು' ಅನ್ನೋ ನೈತಿಕ ಕಟ್ಟಪ್ಪಣೆ ಇದ್ಯಲ್ಲ ಅದಕ್ಕೆ ಹಿಂದೆ ಒಬ್ಬ ಶಾಸನ ಕೊಡೋ ದೇವರು ಬೇಕು, ಅರಿಸ್ಟಾಟಲ್‌ಗೆ ಆ ಥರ ದೇವರೂ ಇರ್ಲಿಲ್ಲ, ಆ ಥರ 'ಬೇಕು'ನೂ ಇರ್ಲಿಲ್ಲ ಅಂತ. ಅವರು ಮಾತಾಡಿದ್ದು ಕ್ರಿಶ್ಚಿಯನ್ ಹಿನ್ನೆಲೆಯಲ್ಲಿ, ಆದ್ರೆ ಶರೀಯತ್ತಿಗೆ ಇನ್ನೂ ಚೆನ್ನಾಗಿ ಕೂರುತ್ತೆ. ಹಲಾಲ್ ಹರಾಮ್ ಪಟ್ಟಿ ಕೈಲಿದ್ರೆ ವಿವೇಕಕ್ಕೆ ಏನು ಕೆಲಸ?

ಅರೆಕೋಚಿಂಗ್:
ಯಾರಾದ್ರೂ ಇದನ್ನ ಟೇಬಲ್ ಮಾಡಿ ಹಾಕ್ತೀರಾ ಪ್ಲೀಸ್, ಎಡಕ್ಕೆ ಗ್ರೀಕ್ ಬಲಕ್ಕೆ ಇಸ್ಲಾಂ, ಯುಪಿಎಸ್‌ಸಿ ಜಿಎಸ್ 4 ಎಥಿಕ್ಸ್ ಪೇಪರಿಗೆ ಬೇಕಿತ್ತು

ಲಾಗರಿದಮ್:
ಟೇಬಲ್ ಹಾಕಿದ್ರೆ ತಪ್ಪು ಉತ್ತರ ನೀಟಾಗಿ ಕಾಣುತ್ತೆ ಅಷ್ಟೆ.

ನೇತ್ರಾವತಿ ದಡ:
ಸಂಶಯಾತ್ಮ ಅವ್ರೇ, ಹಲಾಲ್ ಹರಾಮ್ ಅಂತ ಎರಡೇ ಡಬ್ಬ ಅಂತ ಹೇಳಿದ್ದು ಯಾರು ಮಾರಾಯ್ರೆ? ಫಿಕ್ಹ್ ಅಂದ್ರೆ ಇಸ್ಲಾಮಿನ ಕಾನೂನು ಶಾಸ್ತ್ರ, ಅದರಲ್ಲಿ ಐದು ಉಂಟು. ಕಡ್ಡಾಯ, ಮಾಡಿದ್ರೆ ಒಳ್ಳೆಯದು, ಸುಮ್ಮನೆ ಅನುಮತಿ ಇರುವಂಥದ್ದು, ಮಾಡದಿದ್ರೆ ಒಳ್ಳೆಯದು, ನಿಷಿದ್ಧ. ದಿನದ ಬದುಕಿನ ಹೆಚ್ಚಿನ ಪಾಲು ನಡುವಿನ ಮೂರರಲ್ಲೇ ಬರುವುದು, ಅಲ್ಲಿ ಪಟ್ಟಿ ಹಿಡ್ಕೊಂಡು ಕೂತ್ರೆ ಆಗುವುದಿಲ್ಲ, ಮನುಷ್ಯ ಎಂಥವನು ಅನ್ನುವುದೇ ಮುಖ್ಯ ಆಗ್ತದೆ. ಹದೀಸ್ ಅಂದ್ರೆ ಪ್ರವಾದಿಯ ಮಾತು ನಡೆಗಳ ವರದಿ, ಅದರ ಬುಖಾರಿ ಸಂಗ್ರಹ ತೆಗೆದ್ರೆ ಮೊದಲನೆಯದೇ 'ಕರ್ಮಗಳು ಉದ್ದೇಶದ ಮೇಲೆ' ಅಂತ. ಪೈಲ್ವಾನ ಅಂದ್ರೆ ಎದುರಾಳಿಯನ್ನು ಕೆಡವುವವನಲ್ಲ, ಸಿಟ್ಟು ಬಂದಾಗ ತನ್ನನ್ನು ಹಿಡಿದುಕೊಳ್ಳುವವನು ಅಂತ ಇನ್ನೊಂದು ಹದೀಸ್. ಇದು ಕಾನೂನಾ, ಗುಣವಾ, ನೀವೇ ಹೇಳಿ.

ಮತ್ತೆ ಇಸ್ಲಾಮಿನ ದೊಡ್ಡ ಧರ್ಮವಿದ್ವಾಂಸ ಗಝಾಲಿಯ ಇಹ್ಯಾ ಉಲೂಮುದ್ದೀನ್ ಗ್ರಂಥ ತೆಗೆಯಿರಿ. ನಲ್ವತ್ತು ಪುಸ್ತಕ, ನಾಲ್ಕು ಭಾಗ. ಮೊದಲನೆಯದು ಆರಾಧನೆ, ಎರಡನೆಯದು ಊಟ ಮದುವೆ ಸಂಪಾದನೆ ಇತ್ಯಾದಿ ನಡವಳಿಕೆ. ಉಳಿದ ಇಡೀ ಅರ್ಧ ಮನಸ್ಸಿನದ್ದು. ಮನುಷ್ಯನನ್ನು ಹಾಳು ಮಾಡುವಂಥದ್ದು ಒಂದು ಭಾಗ, ಸಿಟ್ಟು, ಹೊಟ್ಟೆಕಿಚ್ಚು, ದುಡ್ಡಿನ ಆಸೆ, ತೋರಿಕೆ, ಅಹಂಕಾರ. ಉಳಿಸುವಂಥದ್ದು ಇನ್ನೊಂದು ಭಾಗ, ಪಶ್ಚಾತ್ತಾಪ, ಸಹನೆ, ಕೃತಜ್ಞತೆ, ಭಯ, ಭರವಸೆ, ಪ್ರೀತಿ. ಕಾನೂನು ಪುಸ್ತಕಕ್ಕೆ ಇಷ್ಟು ಹೊಟ್ಟೆಕಿಚ್ಚಿನ ವಿಚಾರ ಯಾಕೆ ಬೇಕು?

ಇನ್ನು ನಿಮ್ಮ ಅರಿಸ್ಟಾಟಲ್. ಎಲ್ಲದಕ್ಕೂ ನಡುವಿನ ದಾರಿ ಅನ್ನುವವನು ಎರಡನೇ ಪುಸ್ತಕದಲ್ಲೇ ವ್ಯಭಿಚಾರ, ಕಳ್ಳತನ, ಕೊಲೆ ಇವುಗಳಿಗೆ ನಡು ಅನ್ನುವುದೇ ಇಲ್ಲ, ಸರಿಯಾದ ಹೆಂಗಸಿನ ಜೊತೆ ಸರಿಯಾದ ಹೊತ್ತಿಗೆ ಮಾಡುವ ವ್ಯಭಿಚಾರ ಅಂತ ಎಂತದೂ ಇಲ್ಲ ಅಂತಾನೆ. ಅದು ಹರಾಮ್ ಅಲ್ಲದೆ ಮತ್ತೆಂತ? ಹತ್ತನೇ ಪುಸ್ತಕದ ಕೊನೆಯಲ್ಲಂತೂ ಹೆಚ್ಚಿನ ಜನ ವಾದಕ್ಕೆ ಬಗ್ಗುವುದಿಲ್ಲ, ಕಾನೂನು ಬೇಕು, ಶಿಕ್ಷೆ ಬೇಕು ಅಂತ ಅವನೇ ಹೇಳ್ತಾನೆ.

ಓದುಹುಳ:
ಹತ್ತನೇ ಪುಸ್ತಕ ಇನ್ನೂ ದೂರ ಇದೆ ನನಗೆ, ಸ್ಪಾಯ್ಲರ್ ಕೊಟ್ರಲ್ಲ

ಬೀದರ್ ಕೋಟಿ:
ನೀವು ಮಂದಿ ಇದನ್ನ ಎರಡು ಬ್ಯಾರೆ ಬ್ಯಾರೆ ಮನಿ ಹಂಗ ಮಾತಾಡ್ಲಿಕತ್ತೀರಿ. ಒಂದೇ ವಾಡೇದಾಗ ಶಂಬರ್ ವರ್ಷ ಕೂಡಿ ಉಂಡಾರ್ರಿ ಅವರು. ಅಬ್ಬಾಸಿ ಖಲೀಫರ ಕಾಲದ ಬಗ್ದಾದಿನಾಗ ಹುನೈನ್ ಇಬ್ನ್ ಇಸ್ಹಾಕ್ ಅಂತಿದ್ದ, ಸಿರಿಯನ್ ಕ್ರಿಶ್ಚಿಯನ್ ವೈದ್ಯ, ಗ್ರೀಕ್ ವೈದ್ಯ ಗ್ಯಾಲನ್‌ನ ಪುಸ್ತಕ ರಾಶಿಗಟ್ಲೆ ಅನುವಾದ ಮಾಡಿದ. ಅವನ ಮಗ ಇಸ್ಹಾಕ್ ಈ ನಿಕೊಮಾಕಿಯನ್ ಎಥಿಕ್ಸ್‌ನ ಅರಬಿಗೆ ತಂದಾನ ಅಂತಾರ. ಆ ಅರಬಿ ಪಠ್ಯ ಎಲ್ಲಿ ಸಿಕ್ತು ಗೊತ್ತೇನು? ಮೊರೊಕ್ಕೊದ ಫೆಝ್ ಊರಿನ ಕರವಿಯ್ಯೀನ್ ಮಸೀದಿ ಲೈಬ್ರರಿಯೊಳಗ, 1950ರ ದಶಕದಾಗ. ಗ್ರೀಕಿನಾಗ ಹತ್ತು ಪುಸ್ತಕ, ಅರಬಿಯೊಳಗ ಹನ್ನೊಂದು! ಆರನೇದರ ಆದಮ್ಯಾಲ ಗ್ರೀಕಿನಾಗ ಇಲ್ಲದ ಒಂದು ಪುಸ್ತಕ ಸೇರ್ಯದ. ಗ್ಯಾಲನ್‌ನ ಸ್ವಭಾವದ ಮ್ಯಾಲಿನ ಪುಸ್ತಕಂತೂ ಗ್ರೀಕಿನಾಗ ಕಳದೇ ಹೋಗ್ಯದ, ಅರಬಿ ಸಾರಾಂಶ ಅಷ್ಟೇ ಉಳದದ.

ಇದನ್ನೆಲ್ಲಾ ಓದಿಕೊಂಡು ತತ್ವಜ್ಞಾನಿ ಮಿಸ್ಕವೈಹ್ (ತೀರಿಕೊಂಡಿದ್ದು 1030) ತಹ್ಝೀಬುಲ್ ಅಖ್ಲಾಕ್ ಅಂತ ಸ್ವಭಾವ ತಿದ್ದೋದರ ಮ್ಯಾಲ ಪುಸ್ತಕ ಬರ್ದ. ಅವ ಇರಾನಿನ ರಯ್ ಊರಾಗ ಬುವಯ್ಹಿದ್ ರಾಜಮನೆತನದ ವಜೀರನ ಗ್ರಂಥಪಾಲ. ಪ್ಲೇಟೋನ ನಾಲ್ಕು ಗುಣ ವಿವೇಕ, ಸಂಯಮ, ಧೈರ್ಯ, ನ್ಯಾಯ ತಗೊಂಡು ಅರಿಸ್ಟಾಟಲ್‌ನ ನಡುದಾರಿಗೆ ಜೋಡಿಸಿಬಿಟ್ಟ. ನನಗ ಭಾಳ ಸೇರೋ ಮಾತು ಒಂದದ ಅದರಾಗ. ದಿನಕ್ಕ ಐದು ಸಲ ಮಸೀದಿಗೆ ಬಾ, ವಾರಕ್ಕೊಮ್ಮೆ ಊರೆಲ್ಲಾ ಕೂಡಿ ಜುಮ್ಮಾ, ವರ್ಷಕ್ಕ ಎರಡು ಸಲ ಈದ್‌ಗಾ, ಜೀವನದಾಗ ಒಮ್ಮೆ ಹಜ್, ಇದೆಲ್ಲಾ ಶರೀಯತ್ ಯಾಕ ಇಟ್ಟದ ಅಂದ್ರ ಮನುಷ್ಯಾಗ ಮನುಷ್ಯಾನ ಮ್ಯಾಲ ಹುಟ್ಟಾ ಇರೋ ಒಡನಾಟದ ಪ್ರೀತಿ ಬೆಳೀಲಿ ಅಂತ. ಅರಿಸ್ಟಾಟಲ್ ಎಂಟು ಒಂಬತ್ತನೇ ಪುಸ್ತಕ ಪೂರಾ ಗೆಳೆತನಕ್ಕ ಕೊಟ್ಟಾನಲ್ಲ, ಅದನ್ನ ಈ ಮನುಷ್ಯಾ ನಮಾಜಿನ ಸಾಲಿನಾಗ ನಿಂದರಿಸ್ಯಾನ.

ಸಂಶಯಾತ್ಮ:
ಬೀದರ್ ಅವ್ರೇ, ನೀವೇ ನನ್ನ ವಾದ ಗೆಲ್ಲಿಸಿದ್ರಿ. ಮಿಸ್ಕವೈಹ್ ಅಂದ್ರೆ ಗ್ರೀಕ್ ಸರಕಿಗೆ ಅರಬಿ ಲೇಬಲ್. ಬುವಯ್ಹಿದ್ ದರಬಾರಲ್ಲಿ ಕೂತು ನಾಲ್ಕು ಜನ ಓದಿದ್ದನ್ನ ಇಸ್ಲಾಮಿಕ್ ಎಥಿಕ್ಸ್ ಅಂತ ಕರೆಯೋದು ಹೇಗೆ? ಊರ ಖಾಜಿಗೆ, ಮಾರ್ಕೆಟ್ಟಲ್ಲಿ ಬಟ್ಟೆ ಮಾರೋನಿಗೆ ಪ್ಲೇಟೋ ಗೊತ್ತಿದ್ನಾ?

ನೇತ್ರಾವತಿ ದಡ:
ಗೊತ್ತಿರ್ಲಿಲ್ಲ, ಆದ್ರೆ ಗಝಾಲಿ ಗೊತ್ತಿದ್ದ. ಇಹ್ಯಾದ 22ನೇ ಪುಸ್ತಕದಲ್ಲಿ ಅದೇ ನಾಲ್ಕು ಗುಣ, ಅದೇ ನಡುದಾರಿ, ಅಭ್ಯಾಸದಿಂದ ಸ್ವಭಾವ ಕೂರ್ತದೆ ಅನ್ನುವ ಅದೇ ವಾದ, ಎಲ್ಲ ಉಂಟು. ಸ್ವಭಾವ ಅಂದ್ರೆ ಮನಸ್ಸಿನಲ್ಲಿ ಬೇರು ಬಿಟ್ಟ ಸ್ಥಿತಿ, ಅದರಿಂದ ಕೆಲಸ ಯೋಚನೆ ಮಾಡದೆ ಸಲೀಸಾಗಿ ಹೊರಗೆ ಬರ್ತದೆ ಅಂತಾನೆ, ಮಿಸ್ಕವೈಹ್ ಬರೆದದ್ದೇ ಹೆಚ್ಚುಕಡಿಮೆ. ತಮಾಷೆ ಎಂತ ಗೊತ್ತುಂಟಾ, ಇದೇ ಗಝಾಲಿ 1095ರಲ್ಲಿ ತತ್ವಜ್ಞಾನಿಗಳನ್ನು ಝಾಡಿಸಿ ತಹಾಫುತ್ ಅನ್ನುವ ಪುಸ್ತಕ ಬರೆದವನು. ಆತ್ಮಕಥೆಯಲ್ಲಿ ಅವನು ಹೇಳುವುದು ತತ್ವಜ್ಞಾನಿಗಳ ನೀತಿಶಾಸ್ತ್ರ ಎಲ್ಲ ಸೂಫಿಗಳಿಂದ ಎತ್ತಿಕೊಂಡದ್ದು ಅಂತ! ಗ್ರೀಕರಿಗೂ ಮೊದಲೇ ದೇವರನ್ನು ನೆನೆಯುವವರು ಇದ್ದೇ ಇದ್ರು, ಅವರ ಮಾತನ್ನೇ ಇವರು ಕಲಬೆರಕೆ ಮಾಡಿದ್ರು ಅಂತ ಅವನ ಲೆಕ್ಕ.

ಲಾಗರಿದಮ್:
ಕಾಪಿ ಹೊಡೆದು ಮೇಷ್ಟ್ರ ಮೇಲೆ ಕಂಪ್ಲೇಂಟ್ ಕೊಟ್ಟಂಗಾಯ್ತು 😄

ನೇತ್ರಾವತಿ ದಡ:
ನಗಬೇಡಿ, ಅವನು ತೆಗೆದುಕೊಂಡದ್ದನ್ನು ತೆಗೆದುಕೊಂಡ ಹಾಗೇ ಇಡ್ಲಿಲ್ಲ. ಅದು ಆಮೇಲೆ ಹೇಳ್ತೇನೆ, ಈಗ ಮಗುವಿಗೆ ಊಟ ಕೊಡ್ಲಿಕ್ಕುಂಟು.

ಬೀದರ್ ಕೋಟಿ:
ಲೇಬಲ್ ಮಾತು ನನಗ ಒಪ್ಪಂಗಿಲ್ಲ. ನಡುದಾರಿ ಕುರಾನಿನಾಗೇ ಅದ, ಗ್ರೀಕ್ ಪುಸ್ತಕ ಅರಬಿಗೆ ಬರೂ ಮೊದಲೇ. 17ನೇ ಅಧ್ಯಾಯದಾಗ ಕೈಯನ್ನ ಕುತ್ತಿಗಿಗೆ ಕಟ್ಕೋಬ್ಯಾಡ, ಪೂರಾ ಚಾಚಿನೂ ಬಿಡಬ್ಯಾಡ ಅಂತ ಖರ್ಚಿನ ಬಗ್ಗೆ ಹೇಳ್ಯದ. ಅರಿಸ್ಟಾಟಲ್ ಜಿಪುಣ, ದುಂದುಗಾರ, ನಡುವ ಉದಾರಿ ಅಂದಾನಲ್ಲ ಅದೇ ಮೂರು ಮಂದಿ. ಹಂಗಾಗೇ ಅರಬರಿಗೆ ಅರಿಸ್ಟಾಟಲ್ ಓದಿದಾಗ ಪರಕೀಯ ಅನಿಸಿರಲಿಕ್ಕಿಲ್ಲ. ಮುಂದ 13ನೇ ಶತಮಾನದಾಗ ಇರಾನಿನ ವಿದ್ವಾಂಸ ನಸೀರುದ್ದೀನ್ ತೂಸಿ ಮಿಸ್ಕವೈಹನ್ನೇ ಪಾರಸಿಗೆ ತಂದು ಮ್ಯಾಲ ಮನೆತನ, ರಾಜ್ಯಭಾರ ಎರಡು ಭಾಗ ಸೇರಿಸಿ ಅಖ್ಲಾಕ್ ಎ ನಾಸಿರಿ ಮಾಡಿದ. ಅದನ್ನ ಅಕ್ಬರ್ ಓದಿಸಿ ಕೇಳ್ತಿದ್ದ. ದರಬಾರಿನ ನಾಲ್ಕು ಮಂದಿ ಅಂತೀರಿ, ಆ ನಾಲ್ಕು ಮಂದೀನೇ ಹಿಂದುಸ್ತಾನ ಆಳ್ಯಾರ.

ಗುಲಾಬಿ ಮುಳ್ಳು:
ಆಳಿದ್ರು ಸರಿ. ತೂಸಿಯ ಆ 'ಮನೆತನ' ಭಾಗದಲ್ಲಿ ಹೆಂಡತಿಯನ್ನ ಹೇಗಿಡಬೇಕು, ಗುಲಾಮರನ್ನ ಹೇಗೆ ದುಡಿಸಬೇಕು ಅನ್ನೋ ಅಧ್ಯಾಯಗಳೂ ಇವೆ, ಅದನ್ನೂ ಹೇಳಿ. ಅರಿಸ್ಟಾಟಲ್‌ಗೆ ಕೆಲವರು ಹುಟ್ಟಿನಿಂದಲೇ ಗುಲಾಮರು, ಹೆಂಗಸರಿಗೆ ಯೋಚಿಸೋ ಶಕ್ತಿ ಇದೆ ಆದ್ರೆ ಅಧಿಕಾರ ಇಲ್ಲ. ಗುಣದ ಬಗ್ಗೆ ಇಷ್ಟು ನವಿರಾಗಿ ಬರೆದ ಎರಡೂ ಪರಂಪರೆ ಮನೆಯಲ್ಲಿ ನೀರು ತಂದುಕೊಡೋ ಮನುಷ್ಯನ್ನ ನೋಡ್ಲೇ ಇಲ್ಲ.

ನೇತ್ರಾವತಿ ದಡ:
ನೋಡಿದ್ದುಂಟು, ಆದ್ರೆ ನಿಲ್ಲಿಸ್ಲಿಲ್ಲ. ಕುರಾನಿನಲ್ಲಿ ಗುಲಾಮರನ್ನು ಬಿಡುಗಡೆ ಮಾಡುವುದು ಪಾಪಕ್ಕೆ ಪ್ರಾಯಶ್ಚಿತ್ತ, ಪುಣ್ಯದ ಕೆಲಸ, ಯಾರನ್ನೂ ಹುಟ್ಟುಗುಲಾಮ ಅಂತ ಹೇಳುವುದಿಲ್ಲ, ನಿಮ್ಮಲ್ಲಿ ಶ್ರೇಷ್ಠ ಅಂದ್ರೆ ಹೆಚ್ಚು ದೈವಭಯ ಇರುವವನು ಅಂತ 49ನೇ ಅಧ್ಯಾಯದಲ್ಲಿ ಉಂಟು. ಇಷ್ಟೆಲ್ಲ ಇದ್ದೂ ನೂರಾರು ವರ್ಷ ಗುಲಾಮರ ಸಂತೆ ನಡೆಯಿತು. ಇದಕ್ಕೆ ನನ್ನ ಹತ್ರ ಚಂದದ ಉತ್ತರ ಇಲ್ಲ, ಇದೆ ಅನ್ನುವವರನ್ನು ನಾನು ನಂಬುವುದೂ ಇಲ್ಲ.

ಗುಲಾಬಿ ಮುಳ್ಳು:
👍 ಇಷ್ಟು ನೇರ ಹೇಳಿದ್ರೆ ಸಾಕು ನನಗೆ.

ಓದುಹುಳ:
ಗುಲಾಬಿ ಅವ್ರ ಮಾತಿಂದ ನನಗೆ ಇನ್ನೊಂದು ಹೊಳೀತು. ಅರಿಸ್ಟಾಟಲ್ ಪ್ರಕಾರ ಚೆನ್ನಾಗಿ ಬಾಳೋಕೆ ಗುಣ ಒಂದೇ ಸಾಲಲ್ಲ. ಮೊದಲನೇ ಪುಸ್ತಕದಲ್ಲಿ ಮುಲಾಜಿಲ್ಲದೆ ಹೇಳ್ತಾನೆ, ತೀರಾ ಕುರೂಪಿ ಆದವನು, ಕೀಳು ಕುಲದಲ್ಲಿ ಹುಟ್ಟಿದವನು, ಮಕ್ಕಳಿಲ್ಲದ ಒಂಟಿ, ಇವ್ರು ಸುಖಿ ಅನ್ನೋದು ಕಷ್ಟ ಅಂತ. ಟ್ರಾಯ್‌ನ ಮುದುಕ ರಾಜ ಪ್ರಿಯಮ್‌ನ ಉದಾಹರಣೆ ಕೊಡ್ತಾನೆ, ಜೀವನಪೂರ್ತಿ ಚೆನ್ನಾಗಿದ್ದು ಕೊನೇಲಿ ಮಕ್ಕಳು, ಊರು ಎಲ್ಲ ಕಳ್ಕೊಂಡ, ಅಂಥವನನ್ನ ಸುಖಿ ಅಂತ ಯಾರೂ ಕರೆಯಲ್ಲ. ಒಳ್ಳೆಯವನಾದ್ರೆ ದುರ್ಗತಿಗೆ ಇಳಿಯಲ್ಲ ನಿಜ, ಆದ್ರೆ ಧನ್ಯ ಅನ್ನೋಕಾಗಲ್ಲ. ಈಗ ಪ್ರಿಯಮ್ ಪಕ್ಕದಲ್ಲಿ ಪ್ರವಾದಿ ಅಯ್ಯೂಬ್‌ನ (ಬೈಬಲ್ಲಿನ ಯೋಬ) ನಿಲ್ಸಿ ನೋಡಿ. ಅವನೂ ಮನೆಮಂದಿ, ಆರೋಗ್ಯ ಕಳ್ಕೊಂಡೋನೇ. ಕುರಾನ್ ಅವನನ್ನ ಎಷ್ಟು ಒಳ್ಳೆ ಸೇವಕ ಅಂತ ಹೊಗಳುತ್ತೆ, ಯಾಕಂದ್ರೆ ಅವನು ಸಹಿಸಿದ. ಒಬ್ಬನ ಕಷ್ಟ ಬಾಳನ್ನ ಕೆಡಿಸಿದ್ದು, ಇನ್ನೊಬ್ಬನ ಕಷ್ಟ ಬಾಳಿನ ಬೆಲೆ ತೋರಿಸಿದ್ದು. ನಡುದಾರಿ ಗಿಡುದಾರಿ ಎಲ್ಲ ಒಂದೇ ಇರ್ಬಹುದು, ಇಲ್ಲಿ ಮಾತ್ರ ಸೇತುವೆ ಕಾಣಿಸ್ತಿಲ್ಲ.

ಸಂಶಯಾತ್ಮ:
ಸೇತುವೆ ಇದೆ, ಅದರ ಹೆಸರು ಪರಲೋಕ. ಇಲ್ಲಿ ಲಾಸ್ ಆಗಿದ್ದನ್ನ ಅಲ್ಲಿ ಬಡ್ಡಿ ಸಮೇತ ಕೊಡ್ತೀವಿ ಅಂದ್ರೆ ಯಾರು ಬೇಕಾದ್ರೂ ಸಹಿಸ್ತಾರೆ. ಅರಿಸ್ಟಾಟಲ್ ಪ್ರಾಮಾಣಿಕ, ಮಗ ಸತ್ರೆ ಬಾಳು ಮುರಿಯುತ್ತೆ ಅಂತ ಒಪ್ಕೋತಾನೆ. ಸಂಕಟದಲ್ಲಿರೋನಿಗೆ 'ನೀನು ಗುಣವಂತ, ಆದ್ದರಿಂದ ಸುಖಿ' ಅನ್ನೋದು ಕ್ರೌರ್ಯ, ಅದನ್ನ ಅವನು ಹೇಳಲ್ಲ.

ಬೀದರ್ ಕೋಟಿ:
ಗ್ರೀಕ್ ಅಂದ್ರ ಅರಿಸ್ಟಾಟಲ್ ಒಬ್ಬನೇ ಅಲ್ರಿ. ಸ್ಟೋಯಿಕರು ಅನ್ನೋ ಇನ್ನೊಂದು ಗ್ರೀಕ್ ಪಂಥದವರು ಗುಣ ಒಂದಿದ್ರ ಸಾಕು ಅಂತಿದ್ರು, ಅವರೊಳಗ ಎಪಿಕ್ಟೆಟಸ್ ಗುಲಾಮನಾಗೇ ಹುಟ್ಟಿದಾಂವ, ಕಾಲು ಬ್ಯಾರೆ ಕುಂಟು. ಗುಲಾಬಿ ಅವರು ಕೇಳಿದ ನೀರು ತರೋ ಮನುಷ್ಯಾ ಅಂದ್ರ ಅವನೇ. ಅವನದೊಂದು ಹಡಗಿನ ಮಾತದ, ಹಡಗ ದಡಕ್ಕ ನಿಂತಾಗ ಇಳದು ಚಿಪ್ಪು ಗಿಪ್ಪು ಆರಸ್ರಿ, ಆದ್ರ ನಾವಿಕ ಕರದ ಕೂಡ್ಲೇ ಎಲ್ಲಾ ಬಿಟ್ಟು ಓಡಿ ಬರ್ರಿ. 9ನೇ ಶತಮಾನದಾಗ ಅಲ್ ಕಿಂದಿ ದುಃಖ ಕಳೆಯೋದರ ಮ್ಯಾಲ ಬರೆದ ಪತ್ರದಾಗ ಇದೇ ಹಡಗು ಬರ್ತದ, ಇಳದು ಹೂ ಹಣ್ಣು ಕಲ್ಲು ಹೊತ್ಕೊಂಡು ಬಂದವರಿಗೆ ಕೂಡಲಿಕ್ಕೆ ಜಾಗ ಸಿಗಂಗಿಲ್ಲ. ಮುಸಲ್ಮಾನ ತತ್ವಜ್ಞಾನಿ ಗ್ರೀಕ್ ಗುಲಾಮನಿಂದ ಸಹನಾ ಕಲಿತಾನ, ಅರಿಸ್ಟಾಟಲ್‌ನಿಂದ ಅಲ್ಲ.

ಅರೆಕೋಚಿಂಗ್:
ಟೇಬಲ್ ಬೇಡ ಬಿಡಿ ಈಗ ಮೂರು ಕಾಲಮ್ ಆಯ್ತು

ಸಂಶಯಾತ್ಮ:
ಸರಿ, ಬೇರೆ ಕಡೆಯಿಂದ ಬರ್ತೀನಿ. ಪ್ಲೇಟೋನ ಯೂಥಿಫ್ರೋದಲ್ಲಿ ಸಾಕ್ರಟಿಸ್ ಕೇಳೋ ಪ್ರಶ್ನೆ, ಪವಿತ್ರವಾದದ್ದನ್ನ ಅದು ಪವಿತ್ರ ಅಂತ ದೇವರುಗಳು ಮೆಚ್ತಾರಾ, ಇಲ್ಲ ದೇವರು ಮೆಚ್ಚಿದ್ದರಿಂದ ಅದು ಪವಿತ್ರ ಆಗುತ್ತಾ? ಇಸ್ಲಾಂ ಎರಡನೇದು ಅನ್ನುತ್ತೆ. ನಾಳೆ ಅಪ್ಪಣೆ ಬದಲಾದ್ರೆ ಸುಳ್ಳು ಹೇಳೋದು ಒಳ್ಳೇದಾಗುತ್ತೆ. ಗುಣಕ್ಕೆ ಅಲ್ಲಿ ಬೇರೇನೇ ಇಲ್ಲ.

ಬೀದರ್ ಕೋಟಿ:
ಇಸ್ಲಾಂ ಅಂತೀರಿ, ಯಾರ ಇಸ್ಲಾಂ? ಇಸ್ಲಾಮಿನ ಮತಚರ್ಚೆಯ ಪಂಥಗಳನ್ನ ನೋಡ್ರಿ. ಮುಅತಝಿಲಾಗಳು ಸುಳ್ಳಿನ ಕೆಟ್ಟತನ ಬುದ್ಧಿಗೇ ತಿಳೀತದ, ಪ್ರವಾದಿ ಬಂದು ಹೇಳೋ ತನಕ ಕಾಯಬೇಕಿಲ್ಲ ಅಂದ್ರು. ಅಶ್ಅರಿಗಳು ಇಲ್ಲ, ಅಪ್ಪಣೆಯಿಂದಲೇ ಅಂದ್ರು. ಮಾತುರೀದಿಗಳು ಬುದ್ಧಿಗೆ ಸುಮಾರು ತಿಳೀತದ, ಆದ್ರ ಕಡ್ಡಾಯ ಮಾಡೋದು ದೇವರು ಅಂತ ನಡುವ ನಿಂತ್ರು. ನಮ್ಮ ಕಡಿ ಹನಫಿ ಕಾನೂನು ಪಂಥದವರು ಹೆಚ್ಚಾಗಿ ಈ ಮೂರನೇ ಗುಂಪು. ನೀವು ಬಗ್ದಾದಿನ ಹಳೇ ಜಗಳದಾಗ ಒಂದು ಪಾರ್ಟಿ ಸೇರ್ಕೊಂಡು ಇನ್ನೊಂದು ಪಾರ್ಟಿ ಇಲ್ಲೇ ಇಲ್ಲ ಅಂದ್ರ ಹ್ಯಾಂಗ.

ಸಂಶಯಾತ್ಮ:
ಮುಅತಝಿಲಾಗಳು ಸೋತ್ರಲ್ಲ ಸ್ವಾಮಿ. ಸೋತ ಪಾರ್ಟಿನ ಪ್ರತಿ ಸಲ ಕರ್ಕೊಂಡು ಬರ್ತಾರೆ.

ನೇತ್ರಾವತಿ ದಡ:
ಬಂದೆ. ಗಝಾಲಿ ತೆಗೆದುಕೊಂಡದ್ದನ್ನು ಹಾಗೇ ಇಡ್ಲಿಲ್ಲ ಅಂದೆನಲ್ಲ. ಓದುಹುಳ ಅವ್ರು ಮೊದಲು ಹಾಕಿದ ಆ ದೊಡ್ಡ ಮನಸ್ಸಿನವನು ಉಂಟಲ್ಲ, ಅವನೂ ಅರಬಿಗೆ ಬಂದಿದ್ದಾನೆ, ಮಿಸ್ಕವೈಹ್ ಪಟ್ಟಿಯಲ್ಲಿ ಧೈರ್ಯದ ಕೆಳಗೆ ಒಂದು ಉಪಗುಣ ಆಗಿ. ಕಿರೀಟ ತೆಗೆದು ಮೂಲೆಗೆ ಕೂರಿಸಿದ್ದು. ಯಾಕೆ? ಎದೆಯಲ್ಲಿ ಒಂದು ಕಣದಷ್ಟು ಅಹಂಕಾರ ಇದ್ದವನು ಸ್ವರ್ಗಕ್ಕೆ ಹೋಗುವುದಿಲ್ಲ ಅನ್ನುವ ಹದೀಸ್ ಕೇಳಿ ಬೆಳೆದವನು ಅರಿಸ್ಟಾಟಲ್‌ನ ಆ ಪುಟ ಓದಿದ್ರೆ ಬೆವರ್ತಾನೆ. ಕೊಟ್ಟದ್ದು ನೆನಪು, ಪಡೆದದ್ದು ಮರೆವು ಅನ್ನುವುದಂತೂ ಸಾಧ್ಯವೇ ಇಲ್ಲ, ಜನರಿಗೆ ಕೃತಜ್ಞತೆ ಹೇಳದವನು ದೇವರಿಗೂ ಹೇಳಿದ ಹಾಗಾಗ್ಲಿಲ್ಲ ಅಂತ ಉಂಟು.

ಆದ್ರೆ ನಿಜವಾದ ವ್ಯತ್ಯಾಸ ಇನ್ನೂ ಆಳದಲ್ಲಿ ಉಂಟು ಅಂತ ನನಗೆ ಕಾಣ್ತದೆ. ಅರಿಸ್ಟಾಟಲ್ ಅದೇ ನಾಲ್ಕನೇ ಪುಸ್ತಕದ ಕೊನೆಯಲ್ಲಿ ನಾಚಿಕೆ ಬಗ್ಗೆ ಬರೀತಾನೆ, ಹುಡುಗರಿಗಾದ್ರೆ ಸರಿ, ದೊಡ್ಡವನಿಗೆ ನಾಚಿಕೆ ಸದ್ಗುಣವೇ ಅಲ್ಲ, ಯಾಕಂದ್ರೆ ಒಳ್ಳೆಯವನು ನಾಚುವಂಥದ್ದನ್ನು ಮಾಡಲೇಬಾರದು ಅಂತ. ಈ ಕಡೆ ಹಯಾ, ಆ ಲಜ್ಜೆ, ಅದು ಈಮಾನಿನ, ಅಂದ್ರೆ ನಂಬಿಕೆಯ, ಒಂದು ಕೊಂಬೆ, ವಯಸ್ಸಿನ ಮಿತಿ ಇಲ್ಲ. ಮತ್ತೆ ಮೂರನೇ ಪುಸ್ತಕದಲ್ಲಿ ಅವನ ಕಲ್ಲಿನ ಉದಾಹರಣೆ, ಎಸೆಯುವ ತನಕ ಕಲ್ಲು ನಿನ್ನ ಕೈಲಿ, ಎಸೆದ ಮೇಲೆ ವಾಪಸ್ ತರ್ಲಿಕ್ಕಾಗುವುದಿಲ್ಲ, ಅನ್ಯಾಯಗಾರನಾಗಿ ಗಟ್ಟಿಯಾದ ಮೇಲೆ ಬೇಕು ಅಂದ್ರೂ ಬಿಡ್ಲಿಕ್ಕಾಗುವುದಿಲ್ಲ. ಗಝಾಲಿ ನೋಡಿ, ಉಳಿಸುವ ಗುಣಗಳ ಪಟ್ಟಿಯಲ್ಲಿ ಮೊದಲಿಗೇ, ಸಹನೆಗೂ ಮುಂಚೆ ತೌಬಾ, ಅಂದ್ರೆ ಪಶ್ಚಾತ್ತಾಪ, ಇಟ್ಟಿದ್ದಾನೆ. ಫುಝೈಲ್ ಇಬ್ನ್ ಇಯಾಝ್ ದಾರಿಯಲ್ಲಿ ದರೋಡೆ ಮಾಡ್ತಿದ್ದವನು, ಆಮೇಲೆ ಮಕ್ಕಾದಲ್ಲಿ ಹೆಸರಾದ ವಿರಕ್ತ. ಆ ಕಥೆಯನ್ನು ಅರಿಸ್ಟಾಟಲ್ ಹೇಗೆ ಬರೀತಿದ್ದ? ಅವನಿಗೆ ಒಳ್ಳೆಯವನು ಅಂದ್ರೆ ಕೆಲಸ ಮುಗಿದವನು, ತಾನು ಏನು ಅಂತ ಗೊತ್ತಿದ್ದವನು. ಗಝಾಲಿಗೆ 'ನಾನು ಮುಗಿದೆ' ಅಂತ ಅನ್ನಿಸಿದ ಗಳಿಗೆಯೇ ರೋಗದ ಲಕ್ಷಣ, ಅದಕ್ಕೊಂದು ಹೆಸರೂ ಇಟ್ಟಿದ್ದಾನೆ, ಉಜ್ಬ್, ತನ್ನನ್ನು ತಾನೇ ಮೆಚ್ಚಿಕೊಳ್ಳುವುದು.

ಓದುಹುಳ:
ಇದು ಬೇಕಿತ್ತು ನನಗೆ. ನಾನು ನಡಿಗೆ ದನಿ ಅಂತ ಮೇಲ್ಮೇಲೆ ನೋಡ್ತಿದ್ದೆ. ಒಂದೇ ಡೌಟು, ಲುಕ್ಮಾನ್ ಕೂಡ ನಡಿಗೆ 'ಹದವಾಗಿರ್ಲಿ' ಅಂತಾನೇ ಹೇಳೋದು, ತೆವಳು ಅಂತ ಹೇಳಲ್ಲ. ಅಂದ್ರೆ ವಿನಯಕ್ಕೂ ಅಲ್ಲಿ ಒಂದು ಅತಿ ಇದೆ ಅಲ್ವಾ?

ನೇತ್ರಾವತಿ ದಡ:
ಖಂಡಿತ ಉಂಟು. ಗಝಾಲಿ ಪ್ರಕಾರ ವಿನಯ ಅಹಂಕಾರಕ್ಕೂ ಹೀನಾಯಕ್ಕೂ ನಡುವಿನದ್ದು. ವಿದ್ವಾಂಸ ಎದ್ದು ಹೋಗಿ ಎಲ್ಲರ ಚಪ್ಪಲಿ ಜೋಡಿಸ್ಬೇಕು ಅಂತಿಲ್ಲ. ನೋಡಿ, ಅರಿಸ್ಟಾಟಲ್‌ನ ಅಳತೆಗೋಲಿನಲ್ಲೇ ಅರಿಸ್ಟಾಟಲ್‌ನ ಮನುಷ್ಯನನ್ನು ಕೆಳಗಿಳಿಸಿದ್ದು.

ಬೀದರ್ ಕೋಟಿ:
ನಮ್ಮೂರಾಗ ಒಬ್ಬ ಇದ್ದ, ಅವನನ್ನ ಈ ಅಳತಿಗೆ ಹಾಕ್ರಿ. ಮಹಮೂದ್ ಗವಾನ್. ಇರಾನಿನ ಗೀಲಾನದಿಂದ ವ್ಯಾಪಾರಕ್ಕ ಬಂದು ಬಹಮನಿ ಸುಲ್ತಾನರ ವಜೀರ ಆದ, 1472ರಾಗ ಬೀದರಿನಾಗ ಮೂರಂತಸ್ತಿನ ಮದರಸಾ ಕಟ್ಟಿಸಿದ, ಸಮರಕಂದದ ಹಂಗ ಬಣ್ಣದ ಟೈಲ್ಸ್, ಒಂದು ಮಿನಾರ್ ಇನ್ನೂ ನಿಂತದ. ಕವಿ ಜಾಮಿಗೆ ಪತ್ರ ಬರೀತಿದ್ದ, ಪುಸ್ತಕ ತರಿಸ್ತಿದ್ದ. ಅರಿಸ್ಟಾಟಲ್ ನಾಲ್ಕನೇ ಪುಸ್ತಕದಾಗ ಭವ್ಯ ಖರ್ಚು ಮಾಡೋ ಗುಣ ಅಂತ ಒಂದು ಹೇಳ್ತಾನಲ್ಲ, ಊರಿಗೆ ಯುದ್ಧದ ಹಡಗ ಕೊಡೋದು, ನಾಟಕದ ಮೇಳ ಸಾಕೋದು, ಅದಕ್ಕ ಗವಾನ್ ಹೇಳಿ ಮಾಡಿಸಿದ ಉದಾಹರಣೆ. ಆದ್ರ ಇಲ್ಲೊಂದು ತೊಡಕದ. ಅರಿಸ್ಟಾಟಲ್ ಪ್ರಕಾರ ಅಂಥಾವ ತನ್ನ ಮನೀನೂ ಸಿರಿತನಕ್ಕ ತಕ್ಕಂಗ ಸಿಂಗರಿಸಬೇಕು. ಗವಾನ್ ಚಾಪಿ ಮ್ಯಾಲ ಮಲಗ್ತಿದ್ದ, ಮಣ್ಣಿನ ಪಾತ್ರೆದಾಗ ಉಣ್ತಿದ್ದ ಅಂತ ಇತಿಹಾಸಕಾರ ಫರಿಶ್ತಾ ಬರ್ದಾನ. ರಾತ್ರಿ ವೇಷ ಮರೆಸಿ ಓಣಿ ಓಣಿ ತಿರುಗಿ ದಾನ ಮಾಡ್ತಿದ್ದ ಅಂತನೂ ಕಥಿ ಅದ. ಹಗಲು ಅರಿಸ್ಟಾಟಲ್, ರಾತ್ರಿ ಗಝಾಲಿ.

ಸಂಶಯಾತ್ಮ:
ಇದು ಚೆನ್ನಾಗಿದೆ, ಒಪ್ಕೋತೀನಿ. ಆದ್ರೆ ಬಡತನದ ಚಾಪೆನೂ ಒಂಥರಾ ಪ್ರದರ್ಶನ ಆಗ್ಬಹುದಲ್ಲ. ಫರಿಶ್ತಾವರೆಗೂ ಸುದ್ದಿ ಹೋಯ್ತು ಅಂದ್ರೆ ಯಾರೋ ನೋಡಿದಾರೆ.

ನೇತ್ರಾವತಿ ದಡ:
ಗಝಾಲಿಗೆ ನಿಮ್ಮಂಥ ಶಿಷ್ಯ ಸಿಕ್ಕಿದ್ರೆ ಖುಷಿ ಆಗ್ತಿತ್ತು, ತೋರಿಕೆಯ ಮೇಲಿನ ಪುಸ್ತಕದಲ್ಲಿ ಇದೇ ಉಂಟು, ಸಣಕಲು ಮೈ, ಹರಕು ಬಟ್ಟೆ, ತಗ್ಗಿಸಿದ ದನಿ, ಇವುಗಳಿಂದಲೂ ತೋರಿಸಿಕೊಳ್ಳಬಹುದು ಅಂತ. ಆದ್ರೆ ಎಲ್ಲವನ್ನೂ ಅಡಗಿಸಿಡಿ ಅಂತಲೂ ಇಲ್ಲ. ಕುರಾನಿನ ಎರಡನೇ ಅಧ್ಯಾಯದಲ್ಲಿ ದಾನವನ್ನು ತೋರಿಸಿ ಕೊಟ್ರೂ ಒಳ್ಳೆಯದೇ, ಅಡಗಿಸಿ ಬಡವರಿಗೆ ಕೊಟ್ರೆ ಇನ್ನೂ ಒಳ್ಳೆಯದು ಅಂತ. ಮದರಸಾವನ್ನು ಅಡಗಿಸಿ ಕಟ್ಲಿಕ್ಕೆ ಆಗ್ತದಾ?

ಓದುಹುಳ:
ಅವನ ಕೊನೆ ಹೇಗಾಯ್ತು?

ಬೀದರ್ ಕೋಟಿ:
ಕೆಟ್ಟ ಕೊನಿ. ವೈರಿಗಳು ಅವನ ಮುದ್ರಿ ಹಾಕಿದ ಕಾಗದದ ಮ್ಯಾಲ ಒಡಿಶಾದ ರಾಜಾಗ ಬರೆದಂಗ ಖೊಟ್ಟಿ ಪತ್ರ ಬರೆಸಿ ಸುಲ್ತಾನಗ ತೋರಿಸಿದ್ರು. ಮೂರನೇ ಮುಹಮ್ಮದ್ ಷಾ ಕುಡದ ಅಮಲಿನಾಗ ತಲಿ ತಗಸಿದ,1481ರಾಗ. ಆಮ್ಯಾಲ ಸತ್ಯ ತಿಳದು ಹಳಹಳಿಸಿದ, ಮರು ವರ್ಷ ತಾನೂ ಸತ್ತ.

ಓದುಹುಳ:
ಹಾಗಿದ್ರೆ ಪ್ರಿಯಮ್ ಪ್ರಶ್ನೆ ಮತ್ತೆ ಬಂತು. ಗವಾನ್ ಚೆನ್ನಾಗಿ ಬಾಳಿದ ಅನ್ನಬಹುದಾ?

ಸಂಶಯಾತ್ಮ:
ಅರಿಸ್ಟಾಟಲ್ ಇಲ್ಲ ಅಂತಾನೆ, ನಾನೂ ಇಲ್ಲ ಅಂತೀನಿ. ಎಪ್ಪತ್ತರ ಆಸುಪಾಸಲ್ಲಿ ಸುಳ್ಳು ಆರೋಪದ ಮೇಲೆ ತಲೆ ಹೋದ್ರೆ ಅದು ಒಳ್ಳೆ ಬಾಳಿಗೆ ಆದ ಅನ್ಯಾಯ. ಅದನ್ನ ಪರೀಕ್ಷೆ, ಕೃಪೆ ಅಂತೆಲ್ಲ ಕರೆದ್ರೆ ತಲೆ ತಗಸಿದೋನಿಗೆ ಅನುಕೂಲ. ಈ 'ಯಾವತ್ತೂ ಮುಗಿಯದ' ನೀತಿ ಬಗ್ಗೆ ನನ್ನ ತಕರಾರೂ ಅದೇ, ಒಳ್ಳೆಯವನೇ ರಾತ್ರಿಯೆಲ್ಲ ಕೂತು ತನ್ನೊಳಗೆ ತಪ್ಪು ಹುಡುಕ್ತಾನೆ, ಸುಲ್ತಾನ ಆರಾಮಾಗಿ ಕುಡೀತಾನೆ.

ನೇತ್ರಾವತಿ ದಡ:
ಸುಲ್ತಾನನಿಗೆ ಆರಾಮ ಇರ್ಲಿ ಅಂತ ಯಾರೂ ಬರೀಲಿಲ್ಲ, ಗಝಾಲಿ ಸುಲ್ತಾನರ ಬಾಗಿಲಿಗೆ ಹೋಗುವ ವಿದ್ವಾಂಸರನ್ನು ಬೈದಷ್ಟು ಬೇರೆ ಯಾರನ್ನೂ ಬೈದಿರಲಿಕ್ಕಿಲ್ಲ. ತನ್ನೊಳಗೆ ತಪ್ಪು ಹುಡುಕುವುದು ಹತಾಶೆಗೆ ತಿರುಗಿದ್ರೆ ಅದೂ ರೋಗವೇ, ಅದಕ್ಕೇ ಭಯದ ಜೊತೆ ಭರವಸೆಯನ್ನು ಕಟ್ಟಿ ಒಂದೇ ಪುಸ್ತಕ ಮಾಡಿದ್ದು. ಗವಾನ್ ವಿಷಯದಲ್ಲಿ ಅನ್ಯಾಯ ಅಂತ ನೀವು ಹೇಳಿದ್ದನ್ನು ನಾನೂ ಹೇಳ್ತೇನೆ. ಆದ್ರೆ ಅವನ ಬಾಳು ಹಾಳಾಯ್ತು ಅಂತ ಮಾತ್ರ ಹೇಳುವುದಿಲ್ಲ, ಹಾಳಾದದ್ದು ಆ ಪತ್ರ ಬರೆಸಿದವರದ್ದು.

ಸಂಶಯಾತ್ಮ:
ಅದನ್ನ ಪ್ಲೇಟೋನ ಗೋರ್ಗಿಯಸ್‌ನಲ್ಲಿ ಸಾಕ್ರಟಿಸ್ ಹೇಳಿದಾನೆ, ಅನ್ಯಾಯ ಅನುಭವಿಸೋನಿಗಿಂತ ಮಾಡೋನ ಗತಿಯೇ ಕೆಟ್ಟದು ಅಂತ. ನೀವು ಗ್ರೀಕ್ ಕಡೆ ಬಂದ್ರಿ.

ನೇತ್ರಾವತಿ ದಡ:
ಸಾಕ್ರಟಿಸ್ ಈ ಕಡೆ ಬಂದ ಅಂತಾನೂ ಹೇಳಬಹುದು. ಹೇಗಿದ್ರೂ ಅರಿಸ್ಟಾಟಲ್ ಒಬ್ಬನೇ ಉಳಿದ.

ಅರೆಕೋಚಿಂಗ್:
ಇದನ್ನೆಲ್ಲ ಎಲ್ಲಿಂದ ಶುರು ಮಾಡಿ ಓದ್ಬೇಕು ಸರ್/ಮೇಡಮ್? ಇಂಗ್ಲಿಷ್ ಆದ್ರೂ ಪರ್ವಾಗಿಲ್ಲ

ಬೀದರ್ ಕೋಟಿ:
ಮಿಸ್ಕವೈಹ್‌ನ ಕಾನ್‌ಸ್ಟಂಟೈನ್ ಝುರೈಕ್ 1968ರಾಗ ಇಂಗ್ಲಿಷಿಗೆ ತಂದಾರ, ತೂಸಿನ ವಿಕೆನ್ಸ್ 1964ರಾಗ. ಮೊದಲ ಮಿಸ್ಕವೈಹ್ ಓದು, ಗೆಳೆತನದ ಅಧ್ಯಾಯದಿಂದ ಹಿಡಿ. ತೂಸಿ ಓದೂಮುಂದ ಮನೆತನದ ಭಾಗ ಹಾರಿಸಬ್ಯಾಡ, ಗುಲಾಬಿ ಅವರು ಕೇಳ್ತಾರ.